ಇಗುವಾನ ಬಿಡುವುದು ಪೊರೆಯೇ, ಹಕ್ಕಳೆಯೇ?

ಗೆಳೆಯರೇ,

ಬೆಂಗಳೂರಿನ ಮನೆಗಳಲ್ಲಿ ಇಗುವಾನ ಎಂಬ ಹಲ್ಲಿ ಬಳಗದ ದೊಡ್ಡ ಪ್ರಾಣಿಯನ್ನು ಸಾಕಿದವರಿಗಾಗಿ ಪಶುವೈದ್ಯರೊಬ್ಬರು ಬರೆದ ಆರೈಕೆಯ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇದನ್ನು ಓದುವವರು ಹೆಚ್ಚಾಗಿ ಸಾಕಿದವರಲ್ಲ. ಅವರು ಕಚೇರಿಗೆ ಹೋದ ಮೇಲೆ ನುಗ್ಗೆ ಸೊಪ್ಪು, ದಾಸವಾಳದ ಎಲೆ ಹೆಚ್ಚಿ ಹಾಕುವ ಅಜ್ಜಿಯರು, ಮನೆಗೆಲಸದವರು. ಸಂಸ್ಕೃತದಿಂದ ಹೊಸದಾಗಿ ಕಟ್ಟಿದ ಪದಗಳು ಇವರ ಮುಂದೆ ನಡೆಯುವುದಿಲ್ಲ.

ಪ್ರಾಣಿಯ ಹೆಸರಿನ ಬಗ್ಗೆ ನನಗೆ ಗೊಂದಲವಿಲ್ಲ. 'ಹಸಿರು ಉಡ' ಎಂದು ಬರೆಯಿರಿ ಎಂದವರಿದ್ದಾರೆ; ಒಪ್ಪಲಾರೆ. ಉಡ ಮಾಂಸಾಹಾರಿ, ನಮ್ಮ ನೆಲದ್ದು. ಇಗುವಾನ ಸೊಪ್ಪು ತಿಂದು ಬದುಕುವ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಪ್ರಾಣಿ. ಮೇಲಾಗಿ ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿದೆ, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಹೆಸರು ಕೇಳಿದ ನೆರೆಯವರು ಅರಣ್ಯ ಇಲಾಖೆಗೆ ಫೋನ್ ಮಾಡಿದರೆ ತಪ್ಪು ಅವರದಲ್ಲ.

ಗದ್ದದ ಕೆಳಗೆ ಜೋಲುವ ಚರ್ಮಕ್ಕೆ 'ಗಂಗೆದೊಗಲು' ಎಂದೇ ಹಾಕಿದೆ. ಎತ್ತನ್ನು ಕಂಡವರಿಗೆ ವಿವರಣೆ ಬೇಡ. 'ಬಿಸಿಲು ಕಾಯಿಸುವುದು' ಕೂಡ ಸಲೀಸಾಗಿ ಕೂತಿತು. ಕಿಟಕಿಯ ಗಾಜಿನ ಹಿಂದೆ ಗೂಡು ಇಟ್ಟರೆ ಮೈ ಬೆಚ್ಚಗಾಗುತ್ತದೆಯೇ ಹೊರತು, ಮೂಳೆಗೆ ಬೇಕಾದ ಅತಿನೇರಳೆ ಕಿರಣ ದಾಟಿ ಬರುವುದಿಲ್ಲ ಎಂಬುದನ್ನು ಮಾತ್ರ ಪಕ್ಕದಲ್ಲೇ ಬರೆಯಬೇಕಾಯಿತು.

ಸಿಕ್ಕಿಕೊಂಡಿರುವುದು ಚರ್ಮ ಕಳಚುವಲ್ಲಿ. 'ಪೊರೆ ಬಿಡುವುದು' ಎಂದೊಡನೆ ಹಾವು ಕಣ್ಣ ಮುಂದೆ ಬರುತ್ತದೆ: ಮೂತಿಯಿಂದ ಬಾಲದವರೆಗೆ ಒಂದೇ ತುಂಡು. ಇಗುವಾನದ್ದು ಹಾಗಲ್ಲ. ಮೈಬಣ್ಣ ಮಂಕಾಗಿ, ಬೆನ್ನಿನ ಮೇಲೊಂದು ಚೂರು, ತೊಡೆಯ ಮೇಲೊಂದು ಚೂರು ಬೆಳ್ಳಗೆ ಎದ್ದು, ದಿನಗಟ್ಟಲೆ ಅಲ್ಲಲ್ಲೇ ನೇತಾಡುತ್ತಿರುತ್ತದೆ. ಅಪಾಯವಿರುವುದು ಬೆರಳುಗಳಲ್ಲಿ, ಬಾಲದ ತುದಿಯಲ್ಲಿ. ಅಲ್ಲಿ ಹಳೆಯ ಚರ್ಮ ಉಂಗುರವಾಗಿ ಉಳಿದು, ಒಣಗಿ ಬಿಗಿದರೆ ರಕ್ತ ಹರಿಯದೆ ತುದಿ ಕಪ್ಪಾಗುತ್ತದೆ, ಕೊನೆಗೆ ಉದುರಿಯೇ ಹೋಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಸಡಿಲಿಸಬೇಕು, ಎಳೆದು ಕೀಳಬಾರದು. 'ಪೊರೆ' ಎಂದು ಓದಿಕೊಂಡವರು ಮೈಯ ಚರ್ಮ ಬಿದ್ದೊಡನೆ ಕೆಲಸ ಮುಗಿಯಿತೆಂದು ಬೆರಳು ನೋಡದೆ ಬಿಟ್ಟಾರು ಎಂಬುದೇ ನನ್ನ ಅಳುಕು.

'ಹಕ್ಕಳೆ ಏಳುವುದು' ಎಂದರೆ ಚೂರುಚೂರಾಗಿ ಎಂಬ ಭಾವವೇನೋ ಬರುತ್ತದೆ, ಆದರೆ ಜೊತೆಗೆ ಗಾಯವೂ ಬರುತ್ತದೆ. ಅಜ್ಜಿ ಅರಿಶಿನ ಹಚ್ಚಿಬಿಟ್ಟಾರು. 'ಸಿಪ್ಪೆ ಸುಲಿಯುವುದು' ಇನ್ನೂ ಕೆಟ್ಟದ್ದು: ಮಾಡಬಾರದ್ದನ್ನೇ ಮಾಡಿರಿ ಎಂದ ಹಾಗೆ.

ಓತಿಕೇತವೂ ಚರ್ಮವನ್ನು ಹೀಗೆಯೇ ಚೂರುಚೂರಾಗಿ ಬಿಡುತ್ತದೆ. ಅದನ್ನು ಕಂಡ ಮಲೆನಾಡಿನವರು, ಬಯಲುಸೀಮೆಯವರು ಮನೆಯಲ್ಲಿ ಏನೆನ್ನುತ್ತೀರಿ? ಕೈಪಿಡಿ ಅಚ್ಚಿಗೆ ಹೋಗುವವರೆಗೆ 'ಚೂರುಪೊರೆ' ಎಂದು ಬರೆದಿಟ್ಟಿದ್ದೇನೆ. ಅದು ನಾನೇ ಕಟ್ಟಿದ್ದು, ಕಿವಿಗೆ ಇನ್ನೂ ಹಿಡಿಸಿಲ್ಲ.