ನಾಟಕದ ಮಧ್ಯೆ ಕೈಕೊಡುವ ಹಳೇ ಲೈಟಿಂಗ್ ಬೋರ್ಡ್: ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಶಿರಸಿ ಕಡೆಯ ಹೈಸ್ಕೂಲ್ ಟೀಚರ್:
ನಮ್ಮ ಶಾಲೆಯಲ್ಲಿ ನಾಟಕದ ಲೈಟುಗಳನ್ನು ಏರಿಳಿಸುವ 24 ಚಾನೆಲ್‌ನ ಹಳೇ ಲೈಟಿಂಗ್ ಬೋರ್ಡ್ ಇದೆ. ಹಳೇ ವಿದ್ಯಾರ್ಥಿಯೊಬ್ಬರು ಕೊಡಿಸಿದ್ದು, ಹದಿನೈದು ವರ್ಷ ಆಗಿರಬಹುದು. 7 ಮತ್ತು 12ನೇ ಫೇಡರ್ (ಬೆಳಕು ಏರಿಳಿಸಲು ಮೇಲೆ ಕೆಳಗೆ ಜಾರಿಸುವ ಗುಂಡಿ) ಮುಟ್ಟಿದರೆ ಸಾಕು, ಬೆಳಕು ನಡುಗುತ್ತದೆ. ರಜೆ ಮುಗಿಸಿ ಬಂದು ನೋಡಿದರೆ ಯಾವ ಲೈಟ್ ಎಷ್ಟು ಅಂತ ಬೋರ್ಡಿನಲ್ಲಿ ಉಳಿಸಿಟ್ಟ ಸೀನ್‌ಗಳೆಲ್ಲ ಮಾಯ. ಇವೆರಡನ್ನೂ ಹೇಗೋ ನಿಭಾಯಿಸುತ್ತಿದ್ದೆ. ಕಳೆದ ಸಲ ಮಾತ್ರ ನಾಟಕದ ಮಧ್ಯೆ ಲೈಟುಗಳು ಇದ್ದಲ್ಲೇ ನಿಂತುಬಿಟ್ಟವು. ಏನು ಮಾಡಿದರೂ ಕೇಳಲಿಲ್ಲ. ರಾಜ ಸತ್ತು ಎಷ್ಟು ಹೊತ್ತಾದರೂ ಕತ್ತಲಾಗಲಿಲ್ಲ. ಪಾಪ, ಹುಡುಗ ಎದ್ದು ನಡೆದುಕೊಂಡೇ ಒಳಗೆ ಹೋದ. ಕೊನೆಯ ದೃಶ್ಯಕ್ಕೆ ಎಲ್ಲ ಲೈಟ್ ಒಟ್ಟಿಗೆ ಏರಿಸಿದಾಗ ಬೋರ್ಡ್ ತಾನಾಗಿಯೇ ಆಫ್ ಆಗಿ ಆನ್ ಆಯಿತು. ವಾರ್ಷಿಕೋತ್ಸವಕ್ಕೆ ಮೂರೇ ವಾರ. ಹೊಸದು ಕೊಳ್ಳಲು ದುಡ್ಡಿಲ್ಲ. ಅನುಭವ ಇದ್ದವರು ಹೇಳಿ.

ಉಡುಪಿ ಕಡೆ ಲೈಟಿಂಗ್ ಮಾಡುವವರು:
ಮೇಡಂ, ಇದು ಒಂದು ಕಾಯಿಲೆ ಅಲ್ಲ, ನಾಲ್ಕು. ಎಲ್ಲದಕ್ಕೂ ಬೋರ್ಡನ್ನೇ ಬೈಯಬೇಡಿ.

ಮೊದಲು ಒಂದು ವಿಷಯ ನೆನಪು ಮಾಡಿಕೊಳ್ಳಿ. ಲೈಟು ನಿಂತುಬಿಟ್ಟಾಗ ಬೋರ್ಡಿನ ಮೇಲಿನ ಸಣ್ಣ ದೀಪಗಳು ಫೇಡರ್ ಜೊತೆ ಏರಿಳಿಯುತ್ತಿದ್ದವಾ? ಹೌದು ಅಂದರೆ ಬೋರ್ಡ್ ಕೆಲಸ ಮಾಡುತ್ತಿತ್ತು, ಅದರ ಮಾತು ಡಿಮ್ಮರ್‌ಗೆ, ಅಂದರೆ ಲೈಟುಗಳಿಗೆ ಕರೆಂಟ್ ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆಗೆ, ತಲುಪುತ್ತಿರಲಿಲ್ಲ ಅಂತ ಲೆಕ್ಕ. ಸಿಗ್ನಲ್ ನಿಂತರೆ ಎಷ್ಟೋ ಡಿಮ್ಮರ್‌ಗಳು ಕೊನೆಗೆ ಬಂದ ಮಟ್ಟವನ್ನೇ ಹಿಡಿದು ಕೂರುತ್ತವೆ. ನಿಮ್ಮ ರಾಜನಿಗೆ ಆದದ್ದು ಅದೇ.

ನಾನೂ ಹೀಗೇ ಏಮಾರಿದ್ದೇನೆ. ಒಂದು ಶಾಲೆಯ ಬೋರ್ಡ್ ಬಿಚ್ಚಿಕೊಂಡು ಎರಡು ರಾತ್ರಿ ಕೂತಿದ್ದೆ. ಮೂರನೇ ದಿನ ಸುಮ್ನೆ ಕೇಬಲ್ ಎಳೆದು ನೋಡಿದರೆ ಸೈಡ್ ವಿಂಗ್ ಹಿಂದೆ ಇಲಿ ಕಡಿದಿತ್ತು. ಸಾಲದ್ದಕ್ಕೆ ಅದು ಮೈಕ್ ಕೇಬಲ್. ಮೂರು ಪಿನ್ ಕೂರುತ್ತದೆ ಅಂತ ಯಾರೋ ಹಾಕಿದ್ದರು. ಕೂರುವುದೇನೋ ಕೂರುತ್ತದೆ. ಆದರೆ ಬೋರ್ಡ್ ಡಿಮ್ಮರ್‌ಗೆ ಕಳಿಸುವ ಡಿಎಂಎಕ್ಸ್ ಸಿಗ್ನಲ್ ಸೆಕೆಂಡಿಗೆ 2,50,000 ಬಿಟ್ ವೇಗದಲ್ಲಿ ಓಡುತ್ತದೆ. ಮೈಕ್ ಕೇಬಲ್ ಇರುವುದು ಧ್ವನಿಗೆ. ಹತ್ತು ಅಡಿ ಹೇಗೋ ನಡೆಯುತ್ತದೆ, ಸಭಾಂಗಣದ ಹಿಂದಿನಿಂದ ರಂಗದವರೆಗೆ ಎಳೆದರೆ ನಂಬಿಕೆ ಇಲ್ಲ.

ಹೀಗೆ ಮಾಡಿ. ಬೋರ್ಡನ್ನು ಮೊದಲ ಡಿಮ್ಮರ್ ಪಕ್ಕಕ್ಕೇ ಒಯ್ದು, ಎರಡು ಮೀಟರ್ ಒಳ್ಳೆ ಕೇಬಲ್ ಹಾಕಿ, ಒಂದೆರಡು ಗಂಟೆ ಓಡಿಸಿ. ಎಲ್ಲೂ ನಿಲ್ಲಲಿಲ್ಲ ಅಂದರೆ ಕಳ್ಳ ಉದ್ದದ ಕೇಬಲ್. ಕೊನೆಯ ಡಿಮ್ಮರ್‌ನ ಔಟ್‌ನಲ್ಲಿ ಟರ್ಮಿನೇಟರ್ (ಸಿಗ್ನಲ್ ತಿರುಗಿ ಬರದಂತೆ ತಡೆಯುವ ಪ್ಲಗ್) ಇದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಅದೇ ಮೂರು ಪಿನ್ನಿನ ಒಂದು ಎಕ್ಸ್‌ಎಲ್‌ಆರ್ ಪ್ಲಗ್‌ನಲ್ಲಿ 2 ಮತ್ತು 3ನೇ ಪಿನ್ ನಡುವೆ 120 ಓಮ್ ರೆಸಿಸ್ಟರ್ ಬೆಸುಗೆ ಹಾಕಿಸಿ. ರೆಸಿಸ್ಟರ್‌ಗೆ ಚಹಾದಷ್ಟೂ ಬೆಲೆ ಇಲ್ಲ. ಕೇಬಲ್ಲನ್ನು ಕರೆಂಟ್ ವೈರ್ ಜೊತೆ ಕಟ್ಟಿ ಎಳೆದಿದ್ದರೆ ಬಿಚ್ಚಿ ದೂರ ಮಾಡಿ.

ಧಾರವಾಡದ ಹವ್ಯಾಸಿ ತಂಡದವರು:
ತಾನಾಗಿ ಆಫ್ ಆಗಿ ಆನ್ ಆಯಿತು ಅಂದಿರಲ್ಲ, ಅದು ಕರೆಂಟಿನ ಕಥೆ ಮೇಡಂ. 1000 ವಾಟ್‌ನ ಹನ್ನೆರಡು ಪಾರ್ ಲೈಟ್ ಒಟ್ಟಿಗೆ ಏರಿಸಿದರೆ 230 ವೋಲ್ಟ್‌ನಲ್ಲಿ ಸುಮಾರು 52 ಆಂಪಿಯರ್. ಬೋರ್ಡೂ ಅದೇ ಫೇಸ್‌ನಲ್ಲಿದ್ದರೆ ವೋಲ್ಟೇಜ್ ಕುಸಿದು ಮೂರ್ಛೆ ಹೋಗುತ್ತದೆ. ಕಂಪ್ಯೂಟರ್ ಲ್ಯಾಬಿನಿಂದ ಒಂದು 600 ವಿಎ ಯುಪಿಎಸ್ ತಂದು ಬೋರ್ಡಿಗೆ ಮಾತ್ರ ಕೊಡಿ. ಅದಕ್ಕೆ ಡಿಮ್ಮರ್ ಹಚ್ಚಬೇಡಿ ಮತ್ತೆ! ಅರ್ಥಿಂಗ್ ಸರಿ ಇದೆಯೋ ಇಲ್ಲವೋ ಅನ್ನುವುದನ್ನು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಮಕ್ಕಳು ಕೈ ಹಾಕುವ ಜಾಗ.

ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವರು:
ಉಳಿದೆರಡು ನನ್ನ ಪಾಲಿಗೆ ಬಿಡಿ.

ಸೀನ್ ಮಾಯ ಆಗುವುದಕ್ಕೆ ಹೆಚ್ಚಾಗಿ ಒಳಗಿನ ಬ್ಯಾಟರಿ ಕಾರಣ. ಕೆಲವು ಬೋರ್ಡಿನಲ್ಲಿ ನಾಣ್ಯದಂಥ ಸಿಆರ್2032 ಇರುತ್ತದೆ, 3 ವೋಲ್ಟ್. ಇನ್ನು ಕೆಲವದರಲ್ಲಿ ಚಾರ್ಜ್ ಆಗುವ 3.6 ವೋಲ್ಟ್‌ನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಎರಡನೆಯದು ಹಳತಾದರೆ ಸೋರಿ ಬೋರ್ಡನ್ನೇ ತಿನ್ನುತ್ತದೆ. ಸುತ್ತ ಹಸಿರು ಪುಡಿ ಕಂಡರೆ ತಡಮಾಡದೆ ತೆಗೆಸಿ. ಚಾರ್ಜ್ ಆಗುವ ಬ್ಯಾಟರಿಯ ಜಾಗಕ್ಕೆ ಸಿಆರ್2032 ಮಾತ್ರ ಹಾಕಬೇಡಿ. ಅದು ಚಾರ್ಜ್ ಮಾಡುವಂಥದ್ದಲ್ಲ, ಸಿಡಿಯಬಹುದು. ತೆಗೆಯುವ ಮೊದಲು ಸೀನ್‌ಗಳನ್ನೆಲ್ಲ ಪೇಪರ್ ಮೇಲೆ ಬರೆದುಕೊಳ್ಳಿ.

ಫೇಡರ್ ನಡುಕಕ್ಕೆ ಧೂಳು ಮತ್ತು ತೇವ ಕಾರಣ. ನಿಮ್ಮ ಕಡೆ ಮಳೆಗಾಲ ಗೊತ್ತಲ್ಲ. ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು, ಮೇಲೆ ಕೆಳಗೆ ಮೂವತ್ತು ಸಲ ಆಡಿಸಿ, ಪೂರ್ತಿ ಒಣಗಲು ಬಿಡಿ. ಬೀಗಕ್ಕೆ, ಸೈಕಲ್ ಚೈನಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ. ಎರಡು ದಿನ ಸರಿ ಇರುತ್ತದೆ, ಆಮೇಲೆ ಧೂಳೆಲ್ಲ ಅಂಟಿಕೊಂಡು ಮೊದಲಿಗಿಂತ ಹಾಳು. ಇಷ್ಟು ಮಾಡಿಯೂ ನಡುಗಿದರೆ ಒಳಗಿನ ಕಾರ್ಬನ್ ಪಟ್ಟಿ ಸವೆದಿದೆ. ಹಳೇ ಫೇಡರ್ ತೆಗೆದು ಎಸ್‌.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ತನ್ನಿ. ಅದರ ಮೇಲೆ ಬಿ10ಕೆ ಥರ ಏನೋ ಬರೆದಿರುತ್ತದೆ. ಆ ಬರಹ, ಉದ್ದ, ಕಾಲುಗಳು ಮೂರೂ ಹೊಂದಬೇಕು.

ಮೈಸೂರಿನ ನಾಟಕದವರೊಬ್ಬರು:
ನನ್ನದು ಅಪಸ್ವರ. ಮೂರು ವಾರ ಇಟ್ಟುಕೊಂಡು ಬೋರ್ಡ್ ಬಿಚ್ಚಬೇಡಿ. ಬಿಚ್ಚಿದ್ದು ಶೋ ದಿನಕ್ಕೆ ಕೂಡದೆ ಹೋದರೆ? ನಮ್ಮಲ್ಲಿ ಹಾಗೇ ಆಗಿ, ಟ್ಯೂಬ್‌ಲೈಟ್ ಬೆಳಕಲ್ಲೇ ನಾಟಕ ಮುಗಿಸಿದೆವು. ನಡುಗುವ ಫೇಡರ್‌ನ ಲೈಟನ್ನು ಖಾಲಿ ಇರುವ ಚಾನೆಲ್ಲಿಗೆ ಬದಲಾಯಿಸಿ, ಸಾಕು. ಶೋ ದಿನಕ್ಕೆ ಸೌಂಡ್ಸ್-ಲೈಟ್ಸ್‌ನವರಿಂದ ಒಂದು ಬೋರ್ಡ್ ಬಾಡಿಗೆಗೆ ತಂದು ಪಕ್ಕದಲ್ಲಿಡಿ. ಅದೂ ಆಗದಿದ್ದರೆ ಹಳೇ ಲ್ಯಾಪ್‌ಟಾಪ್‌ನಲ್ಲಿ ಕ್ಯೂಎಲ್‌ಸಿ ಪ್ಲಸ್ ಅನ್ನುವ ಲೈಟಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದು ಪುಕ್ಕಟೆ. ಯುಎಸ್‌ಬಿಯಿಂದ ಡಿಎಂಎಕ್ಸ್‌ಗೆ ಒಂದು ಡಬ್ಬಿ ಮಾತ್ರ ಕೊಳ್ಳಬೇಕು.

ರಿಪೇರಿಯವರು:
ಫೇಡರ್ ವಿಷಯ ಒಪ್ಪಿದೆ ಸರ್. ಆದರೆ ಬ್ಯಾಟರಿ ಸೋರುತ್ತಿದ್ದರೆ ಅದು ಶೋ ಮುಗಿಯಲಿ ಅಂತ ಕಾಯುವುದಿಲ್ಲ. ಅದೊಂದನ್ನು ನೋಡಲೇಬೇಕು.

ಹತ್ತನೇ ಕ್ಲಾಸಿನಲ್ಲಿ ಇಂಥದೇ ಬೋರ್ಡ್ ಮುಂದೆ ಕೂತಿದ್ದವನು:
ನಮ್ಮ ಮೇಷ್ಟ್ರು ಮೆಮೊರಿಯನ್ನೇ ನಂಬುತ್ತಿರಲಿಲ್ಲ. ಪ್ರತಿ ಕ್ಯೂಗೆ, ಅಂದರೆ ಬೆಳಕು ಬದಲಾಗುವ ಪ್ರತಿ ಜಾಗಕ್ಕೆ, ಯಾವ ಫೇಡರ್ ಎಷ್ಟು ಅಂತ ನೋಟ್‌ಬುಕ್ಕಿನಲ್ಲಿ ಬರೆಸುತ್ತಿದ್ದರು. ಫೇಡರ್‌ಗಳ ಕೆಳಗೆ ಬಿಳಿ ಟೇಪ್ ಅಂಟಿಸಿ "ರಾಣಿ", "ಬಾವಿ", "ಬಲಗಡೆ ನೀಲಿ" ಅಂತ ಬರೆದಿದ್ದೆವು. ಎಲ್ಲ ಅಳಿಸಿಹೋದರೂ ಕೈಯಲ್ಲೇ ಓಡಿಸಬಹುದು. ಇನ್ನೊಂದು, ಕತ್ತಲಾಗದಿದ್ದರೆ ಏನು ಮಾಡಬೇಕು ಅಂತ ಮಕ್ಕಳಿಗೆ ಮೊದಲೇ ಹೇಳಿಡಿ.

ಶಿರಸಿಯ ಟೀಚರ್, ಹತ್ತು ದಿನದ ಮೇಲೆ:
ಎಲ್ಲರಿಗೂ ವಂದನೆ. ಬೋರ್ಡಿನ ದೀಪಗಳು ಏರಿಳಿಯುತ್ತಿದ್ದವು ಅಂತ ಅವತ್ತು ಕೂತಿದ್ದ ಹುಡುಗಿ ಹೇಳಿದಳು. ನಾನು ಅವಳನ್ನು ಕೇಳಿಯೇ ಇರಲಿಲ್ಲ. ಡಿಮ್ಮರ್ ಪಕ್ಕ ಇಟ್ಟು ಎರಡು ಗಂಟೆ ಓಡಿಸಿದೆವು, ಒಮ್ಮೆಯೂ ನಿಲ್ಲಲಿಲ್ಲ. ಉದ್ದದ ಕೇಬಲ್ ಮೈಕಿನದೇ! ಅದರ ಒಂದು ಪ್ಲಗ್‌ನಲ್ಲಿ ತಂತಿ ಎಳೆಯಷ್ಟೇ ಹಿಡಿದಿತ್ತು. ಸರಿಯಾದ ಕೇಬಲ್ ತರಿಸಿದ್ದೇವೆ. ಯುಪಿಎಸ್ ಲ್ಯಾಬಿನಿಂದ ಸಿಕ್ಕಿತು, ಕಂಪ್ಯೂಟರ್ ಸರ್ ಸ್ವಲ್ಪ ಗೊಣಗಿದರು. ಬ್ಯಾಟರಿ ಸುತ್ತ ಹಸಿರು ಪುಡಿ ಇತ್ತು, ಟಿವಿ ರಿಪೇರಿಯವರು ಅದನ್ನು ತೆಗೆದು ಸ್ವಚ್ಛ ಮಾಡಿದ್ದಾರೆ. ಹೊಸದು ಇನ್ನೂ ಬಂದಿಲ್ಲ, ಸದ್ಯಕ್ಕೆ ನೋಟ್‌ಬುಕ್ಕೇ ಗತಿ. 7 ಸರಿಹೋಯಿತು. 12 ಹೋಗಲಿಲ್ಲ, ಆ ಲೈಟನ್ನು 20ಕ್ಕೆ ಹಾಕಿದ್ದೇವೆ.

ಸತ್ತ ಮೇಲೆ ಮನಸ್ಸಿನಲ್ಲೇ ಇಪ್ಪತ್ತು ಎಣಿಸು, ಅಷ್ಟರಲ್ಲಿ ಕತ್ತಲಾಗದಿದ್ದರೆ ಪರದೆ ಎಳೆಯುತ್ತಾರೆ ಅಂತ ರಾಜನಿಗೆ ಹೇಳಿದ್ದೇನೆ. "ಪರದೆಯೂ ಸಿಕ್ಕಿಕೊಂಡರೆ ಮೇಡಂ?" ಅಂತ ಕೇಳುತ್ತಿದ್ದಾನೆ.