ಮಡಿಲಲ್ಲಿ ಬುದ್ಧ, ಕಾಲಡಿ ಬುರುಡೆ

ದೊಡ್ಡಪ್ಪ: (ಫೋಟೊ, ಫಾರ್ವರ್ಡ್ ಆಗಿದೆ) ನ್ಯೂಯಾರ್ಕಿನ ಸರ್ಕಾರಿ ಕಟ್ಟಡದ ಬಾಗಿಲಲ್ಲೇ ಏಷ್ಯಾ ಮಾತೆ! ಮಡಿಲಲ್ಲಿ ಬುದ್ಧ! 1907ರಲ್ಲೇ ನಮಗೆ ಸಿಕ್ಕ ಗೌರವ ನೋಡಿ. ಎಲ್ಲರಿಗೂ ಕಳಿಸಿ.

ಪುಟ್ಟಿ: ದೊಡ್ಡಪ್ಪ, ಅದು ಹಳೇ ಕಸ್ಟಮ್ಸ್ ಹೌಸ್, ಬಂದರಿನ ಸುಂಕದ ಕಚೇರಿ. ಬಾಗಿಲಲ್ಲಿ ನಾಲ್ಕು ಖಂಡಗಳನ್ನು ನಾಲ್ಕು ಹೆಂಗಸರ ವಿಗ್ರಹ ಮಾಡಿ ಕೂರಿಸಿದ್ದಾರೆ. ನಮ್ಮ ಆಫೀಸಿನಿಂದ ನಡೆದರೆ ಹತ್ತು ನಿಮಿಷ. ಫೋಟೊ ಸ್ವಲ್ಪ ದೊಡ್ಡದು ಮಾಡಿ. ಕಾಲ ಕೆಳಗೆ ಏನಿದೆ ನೋಡಿ.

ಅತ್ತೆ: ಅಯ್ಯೋ, ಬುರುಡೆ ಅಲ್ವಾ ಅದು!

ಪುಟ್ಟಿ: ಹೂಂ ಅತ್ತೆ. ಕಣ್ಣು ಮುಚ್ಚಿ ಕೂತಿದ್ದಾಳೆ. ಪಕ್ಕದಲ್ಲಿ ಬಡಕಲು ಜನ ಮಂಡಿಯೂರಿದ್ದಾರೆ. ಆ ಕಡೆ ತುದಿಯ ಆಫ್ರಿಕಾ ಅಂತೂ ಗಾಢ ನಿದ್ದೆ. ಮೆಟ್ಟಿಲ ಪಕ್ಕದ ಒಳ್ಳೇ ಜಾಗ ಅಮೆರಿಕ, ಯುರೋಪಿಗೆ. ಅಮೆರಿಕ ಪಂಜು ಹಿಡಿದು ಈಗಲೇ ಎದ್ದುಬಿಡುವ ಹಾಗಿದ್ದಾಳೆ. ನಾವು ಅಂಚಿಗೆ.

ದೊಡ್ಡಪ್ಪ: ಕೆತ್ತನೆ ಡೇನಿಯಲ್ ಚೆಸ್ಟರ್ ಫ್ರೆಂಚ್‌ದು. ವಾಷಿಂಗ್ಟನ್ನಿನಲ್ಲಿ ಕುರ್ಚಿ ಮೇಲೆ ಕೂತ ಲಿಂಕನ್ ಕೂಡ ಅವರದೇ. ಅಂಥವರು ಸುಮ್ನೆ ಅವಮಾನ ಮಾಡುತ್ತಾರಾ?

ಚಿಕ್ಕಪ್ಪ: ಬೊಂಬೆ ಜಗಳ ಬಿಡಿ. ಒಳಗೆ ಹೋಗಿ ತಲೆ ಎತ್ತಿದರೆ ಗುಮ್ಮಟ. ಮೊಟ್ಟೆಯ ಹಾಗೆ ಉದ್ದಕ್ಕಿದೆ. ಗ್ವಾಸ್ಟವೀನೊ ಕಂಪನಿ ಕಟ್ಟಿದ್ದು. ತೆಳು ಹೆಂಚು, ಅದರ ಮೇಲೆ ಗಾರೆ, ಮತ್ತೆ ಹೆಂಚು. ಹೆಂಚು ಅಂದರೆ ಮಂಗಳೂರು ಹೆಂಚಲ್ಲ, ಚಪ್ಪಟೆ ಬಿಲ್ಲೆ. ಸುಮಾರು 140 ಟನ್ ಭಾರ, ನಡುವೆ ಒಂದು ಕಂಬವೂ ಇಲ್ಲ! ನನಗೆ ಇದೇ ಸಾಕು.

ಅತ್ತೆ: ಸುಂಕ ಎತ್ತೋಕೆ ಅರಮನೆ ಯಾಕೋ?

ಚಿಕ್ಕಪ್ಪ: ಅಲ್ಲಿ ಆದಾಯ ತೆರಿಗೆ ಕಾಯಂ ಆಗಿದ್ದು 1913ರಲ್ಲಿ. ಅದಕ್ಕೆ ಮುಂಚೆ ಕೇಂದ್ರದ ಖಜಾನೆಗೆ ಹಡಗಿನ ಸರಕಿನ ಸುಂಕವೇ ದೊಡ್ಡ ಆಧಾರ. ಅದರಲ್ಲಿ ನ್ಯೂಯಾರ್ಕ್ ಬಂದರಿನದೇ ಜಾಸ್ತಿ. ಕಟ್ಟಡದ ವಾಸ್ತುಶಿಲ್ಪಿ ಕ್ಯಾಸ್ ಗಿಲ್ಬರ್ಟ್ ಸುತ್ತಲೂ 44 ಕಂಬ ನಿಲ್ಲಿಸಿದರು. ಕಂಬದ ತಲೆಯಲ್ಲಿ ವ್ಯಾಪಾರದ ದೇವರು ಮರ್ಕ್ಯುರಿಯ ಮುಖ.

ಪುಟ್ಟಿ: ಅದನ್ನೇ ನಾನೂ ಹೇಳುತ್ತಿರುವುದು. ಯಾರು ಮಾಲೀಕರು, ಯಾರು ಮಾಲು ಅಂತ ಬಾಗಿಲಲ್ಲೇ ಕೂರಿಸಿದ್ದಾರೆ.

ಅತ್ತೆ: ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯ್ತು ನಿನ್ನ ಕಥೆ.

ದೊಡ್ಡಪ್ಪ: ಆ ಕಾಲ ಹಾಗಿತ್ತು ಪುಟ್ಟಿ. ಕಲ್ಲಲ್ಲಿ ಕೆತ್ತಿದ್ದನ್ನು ಈಗ ತಿದ್ದೋಕಾಗುತ್ತಾ?

ಪುಟ್ಟಿ: ತಿದ್ದಿದ್ದಾರೆ ದೊಡ್ಡಪ್ಪ! ಮೇಲೆ ಸಾಲಾಗಿ 12 ವಿಗ್ರಹ ಇವೆ, ಕಡಲ ವ್ಯಾಪಾರ ಮಾಡಿದ ನಾಡುಗಳದ್ದು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಶತ್ರು ಆಯ್ತಲ್ಲ, ಆ ವಿಗ್ರಹದ ಗುರಾಣಿ ಮೇಲೆ ಬೆಲ್ಜಿಯಂ ಅಂತ ಕೆತ್ತಿಬಿಟ್ಟರು. ಆಸಾಮಿ ಅದೇ, ಹೆಸರು ಬೇರೆ.

ಅತ್ತೆ: ಆಧಾರ್ ತಿದ್ದುಪಡಿ ಇದಕ್ಕಿಂತ ಕಷ್ಟ ಕಣೇ.

ಪುಟ್ಟಿ: ಇನ್ನೊಂದು. ಅಮೆರಿಕದ ಬೆನ್ನ ಹಿಂದಿನಿಂದ ಒಬ್ಬ ಮೂಲನಿವಾಸಿ ಇಣುಕುತ್ತಾನೆ. 1994ರಿಂದ ಕಟ್ಟಡದ ಒಳಗಿರುವುದು ಅವರದೇ ಮ್ಯೂಸಿಯಂ. ಟಿಕೆಟ್ ಕೂಡ ಇಲ್ಲ. ಆದರೂ ಜನ ಎದುರಿಗಿರುವ ಕಂಚಿನ ಗೂಳಿ ಜೊತೆ ಸೆಲ್ಫಿಗೆ ಕ್ಯೂ ನಿಂತು ಹಾಗೇ ಹೋಗುತ್ತಾರೆ.

ಚಿಕ್ಕಪ್ಪ: ಗುಮ್ಮಟ ನೋಡದೇನಾ? ಕರ್ಮ.

ದೊಡ್ಡಪ್ಪ: ಸರಿ, ಫಾರ್ವರ್ಡ್ ಡಿಲೀಟ್ ಮಾಡುತ್ತೇನೆ. ನೀನು ನಾಳೆ ಆ ಕಡೆ ಹೋದರೆ ಬುದ್ಧನದ್ದು ಮಾತ್ರ ಒಂದು ಫೋಟೊ ತೆಗೆದು ಕಳಿಸು. ಬುರುಡೆ ಬರಬಾರದು. ಡಿಪಿಗೆ.