ಟಿವಿಯಲ್ಲಿ ಅಜ್ಜಿಯ ಬಾಯಿ ಆಡುತ್ತದೆ, ದನಿ ಇಲ್ಲ

ಕಿಟಕಿಪಕ್ಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ಅಜ್ಜಿ ಹೇಳುವ ಕತೆಗಳನ್ನು ವಿಡಿಯೋ ಮಾಡಿಟ್ಟುಕೊಳ್ಳಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿತ್ತು. ಹೋದ ತಿಂಗಳು ಗೆಳತಿಯ ದೊಡ್ಡ ಕ್ಯಾಮೆರಾ ಕೇಳಿ ತಂದು ಕೂತೇಬಿಟ್ಟೆ. ಈಗ ನನ್ನ ಹತ್ತಿರ ಮೂರು ಫೈಲ್ ಇವೆ. ಮೂರಕ್ಕೂ ಮೂರು ರೋಗ.

ಮೊದಲನೆಯದು ಕ್ಯಾಮೆರಾದ ಎಂಒವಿ ಫೈಲ್. 11 ನಿಮಿಷ, 3.6 ಜಿಬಿ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ಅಜ್ಜಿಯ ಕೋಣೆಯ ಟಿವಿಗೆ ಚುಚ್ಚಿದರೆ ಚಿತ್ರ ಬರುತ್ತದೆ, ದನಿ ಇಲ್ಲ. ಅಜ್ಜಿ ಎರಡು ನಿಮಿಷ ನೋಡಿ, "ಅಷ್ಟು ಹೊತ್ತು ಬಾಯಿ ಆಡಿಸಿದ್ದೇ ಬಂತು" ಅಂತ ಎದ್ದು ಹೋದರು.

ಫೈಲ್ ಹೆಸರಿನ ಕೊನೆಯಲ್ಲಿ ಎಂಒವಿ ತೆಗೆದು ಎಂಪಿ4 ಅಂತ ಬರೆದು ನೋಡಿದೆ. ಏನೂ ಆಗಲಿಲ್ಲ. ಆಮೇಲೆ ಯಾವುದೋ ವೆಬ್‌ಸೈಟ್‌ಗೆ ಹಾಕಿ ಕನ್ವರ್ಟ್ ಮಾಡಿದೆ. ಅಪ್‌ಲೋಡ್ ಆಗಲಿಕ್ಕೇ ಒಂದು ಮಧ್ಯಾಹ್ನ ಹೋಯಿತು. ವಾಪಸ್ ಬಂದದ್ದು 180 ಎಂಬಿ. ದನಿ ಬಂತು, ಆದರೆ ಅಜ್ಜಿಯ ಮುಖ ಚೌಕಚೌಕ. ಸೀರೆಯ ಸಣ್ಣ ಚುಕ್ಕಿಗಳೆಲ್ಲ ಮಾಯ.

ಎರಡನೆಯದು ಬ್ಯಾಟರಿ ಮುಗಿದು ಕ್ಯಾಮೆರಾ ಆಫ್ ಆದಾಗಿನದು. ಫೈಲ್ 2.1 ಜಿಬಿ ಇದೆ, ಆದರೆ ಎಲ್ಲೂ ತೆರೆಯುವುದಿಲ್ಲ.

ಮೂರನೆಯದು ಫೋನ್‌ನಲ್ಲಿ ತೆಗೆದದ್ದು, 34 ನಿಮಿಷ. ಫೋನ್‌ನಲ್ಲಿ ಸರಿಯಾಗಿದೆ. ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಕಿ ಮಧ್ಯದ ಕೆಮ್ಮು, ಫೋನ್ ರಿಂಗು ತೆಗೆದು ಸೇವ್ ಮಾಡಿದರೆ, ಕೊನೆ ಬರುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಎರಡು ಸೆಕೆಂಡಿನಷ್ಟು ವ್ಯತ್ಯಾಸ.

ಯಾವುದಕ್ಕೆ ಏನು ಮಾಡಲಿ?


ಟಕಟಕ:

ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ. ಎಲ್ಲಾ ಓಡುತ್ತೆ.


ಕಿಟಕಿಪಕ್ಕ:

ಸರ್, ಲ್ಯಾಪ್‌ಟಾಪ್‌ನಲ್ಲಿ ಅದೇ ಇದೆ. ತೊಂದರೆ ಇರುವುದು ಟಿವಿಯಲ್ಲಿ.


ನಿಧಾನಿ:

ಮೂರನ್ನೂ ಹ್ಯಾಂಡ್‌ಬ್ರೇಕ್‌ಗೆ ಹಾಕಿ ಎಂಪಿ4 ಮಾಡಿ, ಮುಗೀತು. ಉಚಿತ, ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ, ಅಪ್‌ಲೋಡ್ ಗೋಳಿಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.


ಹಳೇರೀಲು:

ನಿಧಾನಿಯವರೇ, ತೆರೆಯದ ಫೈಲ್ ಅನ್ನು ಹ್ಯಾಂಡ್‌ಬ್ರೇಕ್ ಹೇಗೆ ಓದುತ್ತದೆ? ಮೊದಲನೆಯದಕ್ಕೂ ಅದು ಬೇಡ. ಹ್ಯಾಂಡ್‌ಬ್ರೇಕ್ ಚಿತ್ರವನ್ನು ಯಾವಾಗಲೂ ಹೊಸದಾಗಿ ಎನ್‌ಕೋಡ್ ಮಾಡುತ್ತದೆ, ಅಂದರೆ ಬಿಚ್ಚಿ ಮತ್ತೆ ಒತ್ತುತ್ತದೆ. ಚಿತ್ರ ಚೆನ್ನಾಗಿಯೇ ಇದೆಯಲ್ಲ, ಅದನ್ನು ಯಾಕೆ ಮುಟ್ಟಬೇಕು?

ಮೇಡಂ, ವಿಡಿಯೋ ಫೈಲ್ ಅಂದರೆ ಒಂದು ಗಂಟು. ಒಳಗೆ ಚಿತ್ರ ಬೇರೆ, ದನಿ ಬೇರೆ. ಎಂಒವಿ, ಎಂಪಿ4, ಎಂಕೆವಿ ಅನ್ನುವುದೆಲ್ಲ ಗಂಟು ಕಟ್ಟುವ ರೀತಿ ಅಷ್ಟೇ. ನೀವು ಹೆಸರು ತಿದ್ದಿದಾಗ ಗಂಟು ಹಾಗೇ ಇತ್ತು, ಅದಕ್ಕೇ ಏನೂ ಆಗಲಿಲ್ಲ. ಟಿವಿ ಚಿತ್ರ ತೋರಿಸುತ್ತಿದೆ ಅಂದರೆ ಗಂಟು ಬಿಚ್ಚಲು ಬರುತ್ತದೆ, ಚಿತ್ರವೂ ಅರ್ಥವಾಗುತ್ತದೆ. ದನಿಯ ಕೋಡೆಕ್, ಅಂದರೆ ದನಿಯನ್ನು ಬರೆದಿಟ್ಟ ರೀತಿ, ಅದೊಂದೇ ಟಿವಿಗೆ ಗೊತ್ತಿಲ್ಲ.

ಏನೂ ಕನ್ವರ್ಟ್ ಮಾಡುವ ಮೊದಲು ಮೀಡಿಯಾಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಮೊದಲನೇ ಮತ್ತು ಮೂರನೇ ಫೈಲ್ ತೆರೆದು, ಅದು ಹೇಳುವುದನ್ನು ಇಲ್ಲಿ ಹಾಕಿ. ನೋಡದೆ ಔಷಧಿ ಕೊಡುವುದು ನನಗೆ ಆಗದ ಕೆಲಸ.

ಇನ್ನೊಂದು ಮಾತು. ಆ 180 ಎಂಬಿ ಫೈಲ್ ಬಿಟ್ಟುಬಿಡಿ. ಅದನ್ನು ಮತ್ತೆ ದೊಡ್ಡದು ಮಾಡಿದರೆ ಸೈಜ್ ಜಾಸ್ತಿ ಆಗುತ್ತದೆ, ಸೀರೆಯ ಚುಕ್ಕಿ ವಾಪಸ್ ಬರುವುದಿಲ್ಲ. ಮೂಲ ಫೈಲ್‌ಗಳನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬೇಡಿ.


ಕಿಟಕಿಪಕ್ಕ:

ನೋಡಿದೆ. ಮೊದಲನೆಯದು: ವಿಡಿಯೋ ಎವಿಸಿ, 1920×1080, 25 ಫ್ರೇಮ್. ಆಡಿಯೋ ಪಿಸಿಎಂ, 1536 ಕೆಬಿಪಿಎಸ್.
ಮೂರನೆಯದು: ವಿಡಿಯೋ ಎವಿಸಿ, ಆಡಿಯೋ ಎಎಸಿ. ಫ್ರೇಮ್ ರೇಟ್ ಮೋಡ್ ಎದುರಿಗೆ 'ವೇರಿಯಬಲ್' ಅಂತಿದೆ.


ಹಳೇರೀಲು:

ಸಿಕ್ಕಿತು ನೋಡಿ. ಎವಿಸಿ ಅಂದರೆ ಎಚ್.264. 2003ರಿಂದ ಇರುವ ಕೋಡೆಕ್, ಬಹುಪಾಲು ಟಿವಿಗಳಿಗೆ ಗೊತ್ತು. ಪಿಸಿಎಂ ಅಂದರೆ ಒಂಚೂರೂ ಒತ್ತದ, ಹಸಿ ದನಿ. ಕ್ಯಾಮೆರಾಗಳು ಎಂಒವಿ ಒಳಗೆ ಹೀಗೆ ಇಡುತ್ತವೆ. ಪೆನ್‌ಡ್ರೈವ್‌ನಿಂದ ಓಡಿಸುವಾಗ ಅನೇಕ ಟಿವಿಗಳು ಇಲ್ಲೇ ಮುಗ್ಗರಿಸುತ್ತವೆ. ದನಿಯನ್ನು ಎಎಸಿ ಅನ್ನುವ, ಒತ್ತಿ ಚಿಕ್ಕದು ಮಾಡುವ ಕೋಡೆಕ್‌ಗೆ ಬದಲಿಸಿದರೆ ಸಾಕು.

ಅವಿಡೆಮಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಫೈಲ್ ತೆರೆದಾಗ ಎಡಗಡೆ ಮೂರು ಪಟ್ಟಿ ಕಾಣುತ್ತವೆ. ವಿಡಿಯೋ ಔಟ್‌ಪುಟ್ 'ಕಾಪಿ' ಅಂತಲೇ ಇರಲಿ. ಆಡಿಯೋ ಔಟ್‌ಪುಟ್‌ನಲ್ಲಿ ಎಎಸಿ ಆರಿಸಿ, ಬಿಟ್‌ರೇಟ್ 192 ಇಡಿ. ಔಟ್‌ಪುಟ್ ಫಾರ್ಮ್ಯಾಟ್ ಎಂಪಿ4 ಮಕ್ಸರ್. ಹೊಸ ಹೆಸರಿನಲ್ಲಿ ಸೇವ್ ಮಾಡಿ. ಚಿತ್ರವನ್ನು ಹಾಗೇ ಎತ್ತಿಡುವುದರಿಂದ ಒಂದೆರಡು ನಿಮಿಷದ ಕೆಲಸ, ಗುಣಮಟ್ಟ ಕೂದಲಷ್ಟೂ ಇಳಿಯುವುದಿಲ್ಲ. ಸೈಜ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಗಾಬರಿಯಾಗಬೇಡಿ. ಮುಂದೆ ಇಂಥ ಫೈಲ್‌ಗಳನ್ನು ಜೋಡಿಸಿ 4 ಜಿಬಿ ದಾಟಿಸಿದರೆ ಮಾತ್ರ, ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಅದನ್ನು ತೆಗೆದುಕೊಳ್ಳುವುದಿಲ್ಲ.

ಮೂರನೆಯದರಲ್ಲಿ ನಿಧಾನಿಯವರ ಹ್ಯಾಂಡ್‌ಬ್ರೇಕ್ ಬೇಕು. ಫೋನ್‌ಗಳು ಸೆಕೆಂಡಿಗೆ 30 ಚಿತ್ರ ಅಂತ ಹೇಳಿಕೊಂಡರೂ ಲೆಕ್ಕ ಹಾಗೆ ನಡೆಯುವುದಿಲ್ಲ. ಬೆಳಕು ಕಡಿಮೆಯಾದರೆ ಕೆಲವು 24ಕ್ಕೆ ಇಳಿಸುತ್ತವೆ, ಮತ್ತೆ ಏರಿಸುತ್ತವೆ. 'ವೇರಿಯಬಲ್' ಅಂದರೆ ಇದೇ. ನೀವು ತೆಗೆದದ್ದು ಸಂಜೆ ಹೊತ್ತು ಅಲ್ವಾ? ಪ್ರತಿ ಚಿತ್ರಕ್ಕೂ ಅದರ ಸಮಯ ಫೈಲ್‌ನಲ್ಲಿ ಬರೆದಿರುತ್ತದೆ, ಫೋನ್ ಅದನ್ನು ನೋಡಿಕೊಂಡು ಓಡಿಸುತ್ತದೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳು ಅದನ್ನು ಬಿಟ್ಟು ಎಲ್ಲವನ್ನೂ ಒಂದೇ ಅಂತರದಲ್ಲಿ ಜೋಡಿಸುತ್ತವೆ. ದನಿ ಮಾತ್ರ ಗಡಿಯಾರದಂತೆ ಹೋಗುತ್ತಿರುತ್ತದೆ. ಅದಕ್ಕೇ ಶುರುವಿನಲ್ಲಿ ಸರಿ, ಹೋಗ್ತಾ ಹೋಗ್ತಾ ದೂರ.

ನೀವು ಕತ್ತರಿಸಿದ್ದನ್ನಲ್ಲ, ಫೋನಿನ ಮೂಲ ಫೈಲ್ ಅನ್ನೇ ಹ್ಯಾಂಡ್‌ಬ್ರೇಕ್‌ಗೆ ಕೊಡಿ. ವಿಡಿಯೋ ಟ್ಯಾಬ್‌ನಲ್ಲಿ ಎಚ್.264, ಫ್ರೇಮ್ ರೇಟ್ 30, ಕೆಳಗೆ 'ಕಾನ್‌ಸ್ಟಂಟ್', ಅಂದರೆ ಏರಿಳಿತ ಇಲ್ಲದ್ದು. ಆರ್‌ಎಫ್ 20 ಇಡಿ. ಆ ಅಂಕಿ ಇಳಿದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಬಂದ ಫೈಲ್‌ನಲ್ಲಿ ಎಡಿಟ್ ಮಾಡಿ.

ಎರಡನೆಯದು ಸ್ವಲ್ಪ ತ್ರಾಸ. ಎಂಒವಿ, ಎಂಪಿ4 ಫೈಲ್‌ಗೆ ಒಂದು ಪರಿವಿಡಿ ಇರುತ್ತದೆ. ಯಾವ ಚಿತ್ರ ಎಲ್ಲಿದೆ, ಯಾವ ದನಿ ಎಲ್ಲಿದೆ ಅಂತ. ಸಾಮಾನ್ಯವಾಗಿ ನೀವು ಸ್ಟಾಪ್ ಒತ್ತಿದ ಮೇಲೆ ಕ್ಯಾಮೆರಾ ಅದನ್ನು ಬರೆಯುತ್ತದೆ. ಬ್ಯಾಟರಿ ನಡುವೆ ಹೋಯಿತು, ಪರಿವಿಡಿ ಬರೆಯಲೇ ಇಲ್ಲ. 2.1 ಜಿಬಿ ಸಾಮಾನು ಅಲ್ಲೇ ಇದೆ, ವಿಳಾಸ ಇಲ್ಲ.

ಅನ್‌ಟ್ರಂಕ್ ಅಂತ ಒಂದು ಉಚಿತ ಸಾಧನ ಇದೆ. ಅದಕ್ಕೆ ಎರಡು ಫೈಲ್ ಬೇಕು: ಕೆಟ್ಟದ್ದು, ಜೊತೆಗೆ ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಳ್ಳೆಯದು. ನಿಮ್ಮ ಹತ್ತಿರ ಮೊದಲನೆಯದು ಇದೆಯಲ್ಲ. ಅನ್‌ಟ್ರಂಕ್‌ಗೆ ಅವಿಡೆಮಕ್ಸ್‌ನಲ್ಲಿ ಬದಲಿಸಿದ್ದನ್ನು ಕೊಡಬೇಡಿ, ಕ್ಯಾಮೆರಾದಿಂದ ಬಂದದ್ದನ್ನೇ ಕೊಡಿ. ಒಳ್ಳೆಯದನ್ನು ನೋಡಿ ಅಂದಾಜು ಮಾಡಿ ಕೆಟ್ಟದ್ದಕ್ಕೆ ಪರಿವಿಡಿ ಕಟ್ಟುತ್ತದೆ. ಸಿಕ್ಕೇ ಸಿಗುತ್ತದೆ ಅಂತ ಮಾತು ಕೊಡಲಾರೆ. ನನಗೆ ಒಂದು ಸಲ ಪೂರ್ತಿ ಬಂತು, ಇನ್ನೊಂದು ಸಲ ಬರೀ ಹಸಿರು ಪಟ್ಟೆ.


ನಿಧಾನಿ:

ಸರಿ, ಒಪ್ಪಿದೆ. ಮೂರಕ್ಕೂ ಒಂದೇ ಮದ್ದು ಅಂದದ್ದು ಅವಸರವಾಯಿತು. ಒಂದು ಸೇರಿಸುತ್ತೇನೆ: ಮುಂದಿನ ಸಲ ಫೋನ್‌ನಲ್ಲಿ ತೆಗೆಯುವಾಗ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್‌ಇವಿಸಿ ಅಂತಿದ್ದರೆ ಆಫ್ ಮಾಡಿ. ಅದು 2013ರ ಕೋಡೆಕ್, ಫೈಲ್ ಚಿಕ್ಕದಾಗುತ್ತದೆ ನಿಜ. ಆದರೆ ಹಳೇ ಟಿವಿಯಲ್ಲಿ ಆಗ ಚಿತ್ರವೇ ಬಾರದೇ ಇರಬಹುದು.


ಕಿಟಕಿಪಕ್ಕ:

ಮಾಡಿದೆ! ಮೊದಲನೆಯದು ಅವಿಡೆಮಕ್ಸ್‌ನಲ್ಲಿ ನಲವತ್ತೇ ಸೆಕೆಂಡ್. ಒಂದು ಮಧ್ಯಾಹ್ನ ಕಾದದ್ದು ನೆನೆದು ನನ್ನ ಮೇಲೇ ಸಿಟ್ಟು ಬಂತು. ಟಿವಿಯಲ್ಲಿ ದನಿ ಬಂದಾಗ ಅಜ್ಜಿ ಮಾಡಿದ ಮೊದಲ ಕೆಲಸ, ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದ್ದು. ಪೂರ್ತಿ ನೋಡಿ, "ರಾಜನಿಗೆ ಮೂರು ಮಕ್ಕಳು ಅಂದಿದ್ದೀನಿ, ನಾಲ್ಕು" ಅಂದರು.

ಮೂರನೆಯದು ಹ್ಯಾಂಡ್‌ಬ್ರೇಕ್‌ನಲ್ಲಿ ಒಂದು ಗಂಟೆ ತೆಗೆದುಕೊಂಡಿತು, ಈಗ ಕೊನೆವರೆಗೂ ತುಟಿ ಮಾತು ಜೊತೆಗೇ ಇವೆ. ಹೌದು, ಸಂಜೆಯೇ ತೆಗೆದದ್ದು.

ಎರಡನೆಯದರಲ್ಲಿ 6 ನಿಮಿಷ 20 ಸೆಕೆಂಡ್ ಸಿಕ್ಕಿತು. ಒಂದು ಕಡೆ ಚಿತ್ರ ಸ್ವಲ್ಪ ಹರಿದಿದೆ, ದನಿ ಸರಿಯಿದೆ. ಮಂತ್ರಿ ಬಾಗಿಲು ತೆರೆಯುವಲ್ಲಿಗೆ ನಿಂತುಹೋಗುತ್ತದೆ. ಒಳಗೆ ಏನಿತ್ತು ಅಂತ ಕೇಳಿದರೆ ಅಜ್ಜಿ ಹೇಳಲು ಒಪ್ಪುತ್ತಿಲ್ಲ. ಮೊದಲು ಕ್ಯಾಮೆರಾ ತಾ ಅನ್ನುತ್ತಾರೆ.


ಹಳೇರೀಲು:

ತನ್ನಿ. ಈ ಸಲ ಎರಡು ಬ್ಯಾಟರಿ ಇಟ್ಟುಕೊಳ್ಳಿ, ಹತ್ತು ನಿಮಿಷಕ್ಕೊಮ್ಮೆ ಸ್ಟಾಪ್ ಒತ್ತಿ ಮತ್ತೆ ಶುರುಮಾಡಿ. ಬಾಗಿಲ ಒಳಗೆ ಏನಿತ್ತು ಅಂತ ಇಲ್ಲಿ ಬಂದು ಹೇಳದೇ ಹೋಗಬೇಡಿ.